ಬೇಬಿ ಮೊಗವೀರ್ತಿಯ ಪಡಿಯಾಳು

ನಲವತ್ತೊಂದು ಸಾವಿರ ಮೀನುಗಾರರ ಅಭಿಪ್ರಾಯ ಕೇಳಿ ಮುಗಿಸಲು ನಮ್ಮ ಕೇಂದ್ರಕ್ಕೆ ಹಿಡಿದದ್ದು ಹನ್ನೊಂದು ನಿಮಿಷ. ಹನ್ನೆರಡನೆಯ ನಿಮಿಷದಲ್ಲಿ ನಿರ್ದೇಶಕ ಡಾ. ನಿರಂಜನ್ ಕೇಕ್ ಕತ್ತರಿಸಿದರು. ಕೇಕಿನ ಮೇಲೆ ನೀಲಿ ಕ್ರೀಮಿನಲ್ಲಿ ಒಂದು ಮೀನು ಬಿಡಿಸಿದ್ದರು, ಅದಕ್ಕೆ ಉದ್ದುದ್ದ ರೆಪ್ಪೆಗಳಿದ್ದವು. ಮೀನಿಗೆ ರೆಪ್ಪೆ ಇರುವುದಿಲ್ಲವೆಂದು ಆ ಕೋಣೆಯಲ್ಲಿದ್ದ ಇಪ್ಪತ್ತಾರು ಸಾಗರ ವಿಜ್ಞಾನಿಗಳಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನನ್ನ ತುಂಡಿಗೆ ಬಾಲ ಬಂದಿತ್ತು, ತಿಂದೆ.

ನನ್ನ ಹೆಸರು ವಾಸುದೇವ ಕಾಂಚನ್. ಸಾಗರ ಸಮಾಲೋಚನಾ ಕೇಂದ್ರದಲ್ಲಿ ಹಿರಿಯ ವಿಶ್ಲೇಷಕ. ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ಮೂರು ರಾಜ್ಯಗಳು ಒಂದೇ ಕಡಲನ್ನು ಹಂಚಿಕೊಂಡು ಮೀನು ಹಿಡಿಯುವುದರಿಂದ ಮೂರಕ್ಕೂ ಸೇರಿ ಒಂದೇ ಮೀನುಗಾರಿಕಾ ನೀತಿ ಇದೆ. ಅದನ್ನು ತಿದ್ದಬೇಕಾದಾಗಲೆಲ್ಲ ‘ಪಾಲುದಾರ’ರನ್ನು ಕೇಳಲೇಬೇಕೆಂದು ಕಾನೂನು. ಹಿಂದೆ ಕೇಳುವುದೆಂದರೆ ಶಾಮಿಯಾನ ಹಾಕಬೇಕು, ಮೈಕು ಕಟ್ಟಬೇಕು, ಅಧಿಕಾರಿ ಮೂರು ಗಂಟೆ ತಡವಾಗಿ ಬರಬೇಕು, ಜನ ಕೂಗಾಡಬೇಕು. ಇದರಲ್ಲಿ ಇಲಾಖೆಗೆ ಸಹಿಸಲಾಗದೆ ಇದ್ದ ಭಾಗವೆಂದರೆ ಜನ. ಆ ತೊಂದರೆಯನ್ನು ನಾವು ನಿವಾರಿಸಿದೆವು.

ಉಪಾಯ ಸರಳ. ಮೀನುಗಾರರ ವೈರ್‌ಲೆಸ್ ಮಾತುಕತೆ, ಹವಾಮಾನದ ಸಹಾಯವಾಣಿಗೆ ಬಂದ ಕರೆಗಳು, ಸಹಕಾರಿ ಸಂಘದ ಕಿಟಕಿಯಲ್ಲಿ ಆಡಿದ ಮಾತು, ಆರೋಗ್ಯ ಶಿಬಿರದಲ್ಲಿ ಕೊಟ್ಟ ಉತ್ತರ, ಹೀಗೆ ಹದಿನೆಂಟು ವರ್ಷದ ಧ್ವನಿ ನಮ್ಮ ಹತ್ತಿರ ಬಿದ್ದಿತ್ತು. ಎಲ್ಲರೂ ಒಪ್ಪಿಗೆ ಕೊಟ್ಟಿದ್ದರು. ಡೀಸೆಲ್, ಬಲೆ ಸಬ್ಸಿಡಿಯ ಅರ್ಜಿಯ ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಆ ಧ್ವನಿಯನ್ನೆಲ್ಲ ಯಂತ್ರಕ್ಕೆ ಉಣಿಸಿ ಪ್ರತಿಯೊಬ್ಬ ಮೀನುಗಾರನಿಗೂ ಮೀನುಗಾರ್ತಿಗೂ ಒಂದೊಂದು ಪಡಿಯಾಳನ್ನು ಮಾಡಿದೆವು. ಪಡಿಯಾಳಿಗೆ ಅವರದೇ ಸ್ವರ, ಅವರದೇ ಮಾತು, ಅವರದೇ ಕೆಮ್ಮು. ಏನು ಕೇಳಿದರೂ ಆ ಮನುಷ್ಯ ಏನು ಹೇಳುತ್ತಿದ್ದನೋ ಅದನ್ನೇ ಹೇಳುತ್ತದೆ, ಚಹಾ ಕೇಳುವುದಿಲ್ಲ, ಕುರ್ಚಿ ಎತ್ತಿ ಬಿಸಾಡುವುದಿಲ್ಲ. ಇದನ್ನು ಕಟ್ಟಿದವರಲ್ಲಿ ನಾನೂ ಒಬ್ಬ. ಪ್ರಶಸ್ತಿಪತ್ರ ಮನೆಯ ಗೋಡೆಯ ಮೇಲಿದೆ.

ಕೇಕ್ ಮುಗಿದ ಮೇಲೆ ದೊಡ್ಡ ಪರದೆಯ ಮೇಲೆ ನಕ್ಷೆ ಬಂತು. ದಡದ ಬಲೆಯವರಿಗೆಂದು ಮೀಸಲಿಟ್ಟ ನೀರನ್ನು ಪರಿಶೀಲಿಸುವುದು ಈ ಸಲದ ತಿದ್ದುಪಡಿಯ ಮುಖ್ಯ ವಿಷಯ. ಮೀನಿರುವ ಕಡೆ ಮೀಸಲು ಮುಂದುವರಿಯುತ್ತದೆ. ಮೀನಿಲ್ಲದ ಕಡೆ ಮೀಸಲು ತೆಗೆದು ಎಲ್ಲರ ಬೋಟಿಗೂ ಬಿಡುವುದು. ಆಳ ಕಡಲಲ್ಲಿ ಮೀನೆಣಿಸಲು ನಮಗೆ ನೀರೊಳಗಿನ ಮೈಕುಗಳಿವೆ. ದಡದ ಹತ್ತಿರ ಅಲೆಯ ಮೊರೆತಕ್ಕೆ ಅವು ಕಿವುಡು. ಆದ್ದರಿಂದ ಐದು ಮಾರಿಗಿಂತ ಕಡಿಮೆ ಆಳದಲ್ಲಿ ಮೀನಿದೆಯೋ ಇಲ್ಲವೋ ಎಂಬುದಕ್ಕೆ ಪಡಿಯಾಳುಗಳ ಮಾತೇ ಸಾಕ್ಷಿ. ನಕ್ಷೆಯಲ್ಲಿ ಮೀನಿಲ್ಲದ ನೀರಿಗೆ ಬೂದು ಬಣ್ಣ ಕೊಟ್ಟಿದ್ದರು. ಕುಂದಾಪುರದಿಂದ ಬಡಗಕ್ಕೆ ಹಿರೇಬೆಂಗ್ರೆಯ ಮುಂದಿನ ಕಡಲು ಪೂರ್ತಿ ಬೂದು.

ಹಿರೇಬೆಂಗ್ರೆ ನನ್ನ ಹೆಂಡತಿ ಚಂದ್ರಾವತಿಯ ಊರು. ಹೊಳೆಗೂ ಕಡಲಿಗೂ ನಡುವಿನ ಮರಳ ಪಟ್ಟಿಯ ಮೇಲೆ ಅರವತ್ತಮೂರು ಮನೆ. ಎಲ್ಲರೂ ಕೈರಂಪಣಿಯವರು: ದೋಣಿಯಲ್ಲಿ ಬಲೆ ಬಿಟ್ಟು ಬಂದು, ದಡದಲ್ಲಿ ಸಾಲಾಗಿ ನಿಂತು ಹಗ್ಗ ಎಳೆಯುವವರು. ಅಲ್ಲಿನ ಕಾಣೆ ಮೀನು ತಿಂದೇ ನಾನು ಹೊಟ್ಟೆ ಬೆಳೆಸಿದವನು. ಅಲ್ಲಿ ಮೀನಿಲ್ಲವಂತೆ.

ಹೆಡ್‌ಫೋನ್ ಹಾಕಿಕೊಂಡು ಒಂದು ಪಡಿಯಾಳನ್ನು ತೆರೆದೆ. ಬೇಬಿ ಮೊಗವೀರ್ತಿ, ವಯಸ್ಸು ಎಪ್ಪತ್ತು, ಹಿರೇಬೆಂಗ್ರೆ ಕೈರಂಪಣಿ ತಂಡದ ಯಜಮಾನ್ತಿ. ನನ್ನ ಅತ್ತೆ.

“ನಿಮ್ಮೂರ ನೀರಲ್ಲಿ ಮೀನು ಹೇಗಿದೆ?” ಎಂದು ಕೇಳಿದೆ.

“ಎಂತ ಇಲ್ಲೆ ಮಗಾ,” ಎಂದಿತು ಅತ್ತೆಯ ಸ್ವರ. “ಸಾರಿಗ್ ಆಪಷ್ಟ್, ಅಷ್ಟೇ.”

ನನಗೆ ನಗು ಬಂತು. ಆಮೇಲೆ ನಕ್ಷೆಯ ಬೂದು ಬಣ್ಣವನ್ನು ಮತ್ತೆ ನೋಡಿದೆ.

ಹಿರೇಬೆಂಗ್ರೆಯಲ್ಲಿ ಮೀನು ಇದೆಯೇ ಎಂದು ಕೇಳಿದರೆ ಯಾರೂ ‘ಇತ್ತ್’, ಅಂದರೆ ಇದೆ, ಎನ್ನುವುದಿಲ್ಲ. ಬಲೆ ಎಳೆಯಲಾಗದೆ ಪಕ್ಕದ ಕೇರಿಯವರನ್ನು ಕರೆದ ದಿನವೂ “ಎಂತ ಇಲ್ಲೆ” ಎಂದೇ ಹೇಳುತ್ತಾರೆ. ಬಾಯಿ ಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ, ಗಂಗಮ್ಮ ಮುನಿಯುತ್ತಾಳೆ, ಅದಕ್ಕಿಂತ ಮೊದಲು ಬೇರೆಯವರ ಬೋಟು ಬರುತ್ತದೆ. ಕೇಳಿದವರಿಗೆ ಇದೆಲ್ಲ ಗೊತ್ತು. ಹೇಳಿದವಳು ನಿಂತು ಹೇಳಿದಳೋ ನಡೆಯುತ್ತಲೇ ಹೇಳಿದಳೋ, ಬುಟ್ಟಿಯ ಮೇಲೆ ಸೆರಗು ಎಳೆದಳೋ ಇಲ್ಲವೋ, ಅದನ್ನು ನೋಡಿ ಎಷ್ಟು ಮೀನೆಂದು ತಿಳಿದುಕೊಳ್ಳುತ್ತಾರೆ. ಮದುವೆಯಾದ ಹೊಸತರಲ್ಲಿ ನಾನೂ ಮೋಸಹೋಗಿ, ಮೀನಿಲ್ಲವೆಂದು ನಂಬಿ ಪೇಟೆಯಿಂದ ತರಕಾರಿ ಹೊತ್ತುಕೊಂಡು ಹೋಗಿದ್ದೆ. ಯಂತ್ರ ಇಂಥ ಆರು ಸಾವಿರ “ಎಂತ ಇಲ್ಲೆ” ಕೇಳಿಸಿಕೊಂಡಿತ್ತು, ಒಂದು ಸೆರಗನ್ನೂ ನೋಡಿರಲಿಲ್ಲ.

ನಿರ್ದೇಶಕರ ಬಳಿ ಓಡಿದೆ. ಅವರು ಸಾವಧಾನವಾಗಿ ಕೇಳಿದರು. ಸಾವಧಾನವಾಗಿ ಕೇಳುವುದು ಹೇಗೆಂದು ಅವರಿಗೆ ವಿದೇಶದಲ್ಲಿ ಎರಡು ವಾರ ತರಬೇತಿಯಾಗಿತ್ತು.

“ವಾಸುದೇವ್, ಇದು ಅವರೇ ಹೇಳಿದ ಮಾತು,” ಎಂದರು. “ಜನರ ಮಾತನ್ನೇ ನಾವು ನಂಬದೆ ಇದ್ರೆ ಇನ್ಯಾರ ಮಾತು ನಂಬೋದು? ನಿಮಗೆ ಅವರ ಬಗ್ಗೆ ಗೌರವ ಇರಬೇಕಲ್ವಾ?”

“ಸರ್, ಅದು ಅಲ್ಲಿನ ರೂಢಿ…”

“ಆಕ್ಷೇಪಣೆಗೆ ಹದಿನೈದು ದಿನ ಇದೆ. ಮೂಲ ವ್ಯಕ್ತಿ ಖುದ್ದಾಗಿ ಬಂದು ಸಮಿತಿ ಮುಂದೆ ಹೇಳಬಹುದು.”

ಮೂಲ ವ್ಯಕ್ತಿ ಎಂದರೆ ಮನುಷ್ಯ. ನಮ್ಮ ಕಚೇರಿಯಲ್ಲಿ ಹಾಗೆನ್ನುತ್ತಾರೆ.

ಭಾನುವಾರ ಚಂದ್ರಾಳನ್ನು ಕರೆದುಕೊಂಡು ಹಿರೇಬೆಂಗ್ರೆಗೆ ಹೋದೆ. ಅತ್ತೆ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಕಾಣೆ ಹೆರೆಯುತ್ತಿದ್ದರು. ಎದುರಿಗೆ ಎರಡು ಬುಟ್ಟಿ, ಎರಡೂ ತುಂಬಿದ್ದವು. ಎಂತ ಮೀನು ಅತ್ತೆ ಎಂದರೆ ತಲೆ ಎತ್ತದೆ “ಎಂತ ಇಲ್ಲೆ” ಎಂದರು. ಚಂದ್ರಾ ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು ಇನ್ನೊಂದು ಕತ್ತಿ ತರಲು ಒಳಗೆ ಹೋದಳು.

ಊಟಕ್ಕೆ ಕುಳಿತಾಗ ವಿಷಯ ಹೇಳಿದೆ. ನಕ್ಷೆ, ಬೂದು ಬಣ್ಣ, ಪಡಿಯಾಳು. ಭಾವಮೈದ ರತ್ನಾಕರ ಉಣ್ಣುವುದನ್ನು ನಿಲ್ಲಿಸಿದ.

“ಮೀಸಲು ತೆಗೀಲಿ, ಬಿಡಿ ಭಾವ,” ಎಂದ. “ಇಲ್ ಮೀನ್ ಇತ್ತ್ ಅಂದೇಳಿ ಯಾರಿಗ್ ಗೊತ್ತಿತ್? ಮೀನಿಲ್ದಿದ್ ಜಾಗಕ್ಕೆ ಡೀಸೆಲ್ ಸುಟ್ಕಂಡ್ ಯಾರ್ ಬತ್ರ್? ನಾವ್ ಬಾಯ್ ಮುಚ್ಕಂಡ್ ಇದ್ರೆ ಆಯ್ತ್.”

ಈಗ ಯೋಚಿಸಿದರೆ ಆ ಮನೆಯಲ್ಲಿ ಅಂದು ಬುದ್ಧಿಯ ಮಾತಾಡಿದವನು ಅವನೊಬ್ಬನೇ. ಹತ್ತನೇ ತರಗತಿ ಫೇಲಾದ ಅವನಿಗೆ ನಾನು ಅರ್ಧ ಗಂಟೆ ಕಾನೂನು ಪಾಠ ಮಾಡಿದೆ. ಇವತ್ತು ಬರದಿದ್ದರೆ ನಾಳೆ ಬರುತ್ತಾರೆ ಎಂದೆ. ಮೀಸಲು ಒಮ್ಮೆ ಹೋದರೆ ತಿರುಗಿ ಬರುವುದಿಲ್ಲ, ಒಂದು ಬೋಟು ಅಕಸ್ಮಾತ್ ಇಲ್ಲಿ ಬಲೆ ಎಳೆದರೆ ಮುಗಿಯಿತು, ಆಗ ಯಾವ ಕಾಗದ ಹಿಡಿದು ತಡೆಯುತ್ತೀಯ ಎಂದೆ. ನನ್ನ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು.

ಅತ್ತೆ ಮೀನಿನ ಮುಳ್ಳು ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು.

“ನಾನ್ ಬಂದ್ ಹೇಳ್ರೆ ಯಾರೆಲ್ಲ ಕೇಂತ್ರ್?” ಎಂದರು.

“ಸಮಿತಿಯವರು ಐದು ಜನ, ಅಷ್ಟೇ ಅತ್ತೆ.”

“ಮತ್ ಹೊರಗ್ ಹೋಪುದಿಲ್ಲೆ?”

“ಇಲ್ಲ.”

“ಎಂತಕ್ ಕೇಂತೆ ಅಂದ್ರೆ, ನಮ್ಮ್ ಅಜ್ಜಿ ಕಾಲದಿಂದ್ಲೂ ಮೀನ್ ಇಪ್ಪ ಆ ಜಾಗ ಯಾರಿಗೂ ಹೇಳ್ಲಿಲ್ಲೆ. ಇವ್ಳಿಗೂ,” ಎಂದು ಚಂದ್ರಾಳ ಕಡೆ ಗದ್ದ ಎತ್ತಿದರು, “ಮದಿ ಆಯಿ ಹೋಪವ್ಳ್ ಅಂದೇಳಿ ಇವ್ಳಿಗೂ ಹೇಳ್ಲಿಲ್ಲೆ. ನೀವ್ ಗ್ಯಾರಂಟಿ ಕೊಡ್ತ್ರಿಯಾ?”

“ಗ್ಯಾರಂಟಿ ಅತ್ತೆ,” ಎಂದೆ. ಆಕ್ಷೇಪಣೆಯ ಅರ್ಜಿಯಲ್ಲಿ ಹತ್ತೊಂಬತ್ತು ಷರತ್ತುಗಳಿದ್ದವು. ನಾನು ನಾಲ್ಕರವರೆಗೆ ಓದಿದ್ದೆ.

ಆಕ್ಷೇಪಣೆಯ ದಿನ ನಮ್ಮ ಕೇಂದ್ರದ ಸಭಾಂಗಣದಲ್ಲಿ ಚಳಿ ಹಿಡಿಯುವಷ್ಟು ಏಸಿ ಹಾಕಿದ್ದರು. ಅಧ್ಯಕ್ಷರು ನಿವೃತ್ತ ಅಧಿಕಾರಿ; ಕಡಲಿಗೂ ಅವರಿಗೂ ಇದ್ದ ಸಂಬಂಧವೆಂದರೆ ಅವರ ಫ್ಲ್ಯಾಟಿನ ಬಾಲ್ಕನಿಯಿಂದ ಅದು ಕಾಣುತ್ತಿತ್ತು. ಪಕ್ಕದಲ್ಲಿ ನಾಲ್ವರು ಸದಸ್ಯರು, ಅವರಲ್ಲೊಬ್ಬರು ಆಗಲೇ ಗೋಡಂಬಿ ಮುಗಿಸಿದ್ದರು. ಅತ್ತೆ ಮದುವೆಗೆ ಉಡುವ ಹಸಿರು ಸೀರೆ ಉಟ್ಟು ಬಂದಿದ್ದರು. ಮೈಕು ಎದುರಿಗಿಟ್ಟಾಗ ಅದಕ್ಕೆ ಕೈ ಮುಗಿದರು.

“ನಿಮ್ಮ ನೀರಿನಲ್ಲಿ ಮೀನು ಇದೆಯಾ ಅಮ್ಮಾ?” ಎಂದು ಅಧ್ಯಕ್ಷರು ಕೇಳಿದರು.

ಅತ್ತೆಯ ಬಾಯಿಂದ “ಎಂತ” ಎಂಬ ಶಬ್ದ ಹೊರಟಿತು, ಅಲ್ಲೇ ನಿಂತಿತು. ಎಪ್ಪತ್ತು ವರ್ಷದ ನಾಲಿಗೆ ತಾನಾಗಿಯೇ ಆ ಕಡೆ ಓಡಿತ್ತು. ಅವರು ಕಣ್ಣು ಮುಚ್ಚಿಕೊಂಡರು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಒಂದು ಹೆಂಗಸು ಸತ್ಯ ಹೇಳಲು ಅಷ್ಟು ಕಷ್ಟಪಡುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ಇತ್ತ್,” ಎಂದರು. “ಗಂಗಮ್ಮ ನನ್ನ ಕ್ಷಮಿಸ್ಲಿ. ಇತ್ತ್. ಅಳಿವೆ ಬಾಯಿಂದ ಬಡಗಾಯಿ ಹೋದ್ರೆ ಎರಡ್ ಕಪ್ಪು ಕಲ್ ಕಾಣತ್ತ್. ಅದ್ರ ಪಡುಬದಿಗೆ ಒಂದ್ ಹೊಂಡ, ನಾಲ್ಕ್ ಮಾರ್ ಆಳ. ಇಳಿತ ಅರ್ಧ ಆಪತಿಗೆ ಕಾಣೆ ಎಲ್ಲ ಅಲ್ ಬಂದ್ ನಿಂತತ್ತ್. ನವರಾತ್ರಿಯಿಂದ ಶಿವರಾತ್ರಿ ತನ್ಕ. ಅಲ್ಲೇ ಮರಿ ಮಾಡತ್ತ್. ನಾವ್ ವಾರಕ್ಕೆ ಎರಡೇ ಬಲೆ ಬಿಡುದ್, ಮರಿ ಇಪ್ಪತಿಗೆ ಅದೂ ಇಲ್ಲೆ. ಅರವತ್ತ್ಮೂರ್ ಮನಿಯ ಅನ್ನ ಅದ್. ಅದನ್ನ ಬೋಟಿನೋರಿಗೆ ಬಿಡ್‌ಬೇಡಿ.”

ಎಲ್ಲವೂ ಧ್ವನಿಮುದ್ರಣವಾಯಿತು. ಆಪರೇಟರ್ ಒಂದು ಗುಂಡಿ ಒತ್ತಿದ. ಅದೇ ಸ್ವರ, ಅದೇ ಕೆಮ್ಮು, ಗೋಡೆಯ ಸ್ಪೀಕರಿನಿಂದ ಬಂತು: “ಎಂತ ಇಲ್ಲೆ ಮಗಾ. ಸಾರಿಗ್ ಆಪಷ್ಟ್, ಅಷ್ಟೇ.”

ಅತ್ತೆ ಬೆಚ್ಚಿ ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

“ಇದು ನಿಮ್ಮದೇ ಸ್ವರ ತಾನೆ?” ಎಂದರು ಅಧ್ಯಕ್ಷರು.

“ಸ್ವರ ನಂದೇ. ಆದ್ರೆ ಇದನ್ನ ನಾನ್ ಹೇಳ್ಲಿಲ್ಲೆ.”

ಪರದೆಯ ಮೇಲೆ ಎರಡು ಅಂಕಿ ಬಂದವು. ಬೇಬಿ ಮೊಗವೀರ್ತಿಯ ಹದಿನೆಂಟು ವರ್ಷದ ಮಾತಿಗೆ ಯಾರ ಉತ್ತರ ಎಷ್ಟು ಹೊಂದುತ್ತದೆ ಎಂಬ ಲೆಕ್ಕ. ಪಡಿಯಾಳಿಗೆ ನೂರಕ್ಕೆ ತೊಂಬತ್ತೇಳು. ಅತ್ತೆಗೆ ಹನ್ನೊಂದು.

“ನೋಡಿ ಅಮ್ಮಾ,” ಎಂದರು ಅಧ್ಯಕ್ಷರು, ಬಹಳ ಮೃದುವಾಗಿ, “ನೀವು ನಿಮ್ಮನ್ನು ಸರಿಯಾಗಿ ಪ್ರತಿನಿಧಿಸ್ತಾ ಇಲ್ಲ.”

ನಾನು ಎದ್ದು ನಿಂತೆ. ರೂಢಿ, ದೃಷ್ಟಿ, ಸೆರಗು, ಎಲ್ಲವನ್ನೂ ಹೇಳಿದೆ. ಗೋಡಂಬಿಯ ಸದಸ್ಯರು ನಡುವೆಯೇ ಕೈ ಎತ್ತಿದರು. “ಅಂದ್ರೆ ಈ ಊರಿನವರು ಹದಿನೆಂಟು ವರ್ಷ ಸರ್ಕಾರಕ್ಕೆ ಸುಳ್ಳು ಮಾಹಿತಿ ಕೊಟ್ಟಿದ್ದಾರೆ ಅಂತ ತಾವು ದಾಖಲೆಗೆ ಹೇಳ್ತಾ ಇದ್ದೀರಾ? ಸಬ್ಸಿಡಿ ತಗೊಂಡವರು?”

ಅತ್ತೆ ನನ್ನ ತೋಳು ಹಿಡಿದು ಎಳೆದರು. “ಬಿಡಿ. ಕೂಕಣಿ,” ಎಂದರು.

ಆಕ್ಷೇಪಣೆ ತಿರಸ್ಕೃತವಾಯಿತು. ಮೀಸಲು ಆ ಸಂಜೆಯಿಂದಲೇ ರದ್ದು. ಹೊರಡುವಾಗ ಅತ್ತೆಗೆ ಒಂದು ಸೆಣಬಿನ ಚೀಲ ಕೊಟ್ಟರು. ‘ನಿಮ್ಮ ಧ್ವನಿ ನಮಗೆ ಮುಖ್ಯ’ ಎಂದು ಅದರ ಮೇಲೆ ಅಚ್ಚು ಹಾಕಿತ್ತು. ಅತ್ತೆಗೆ ಓದು ಬಾರದು. ಚೀಲ ಗಟ್ಟಿಯಾಗಿದೆ ಎಂದು ಮೆಚ್ಚಿ ಇಟ್ಟುಕೊಂಡರು. ಅವರನ್ನು ಬಸ್ಸು ಹತ್ತಿಸುವಾಗ, ಹೋಗಲಿ, ರತ್ನಾಕರ ಹೇಳಿದ ಹಾಗೆ ಸುಮ್ಮನಿದ್ದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂದು ಸಮಾಧಾನ ಹೇಳಿದೆ. ನನಗೂ ಅದೇ ಸಮಾಧಾನವಿತ್ತು.

ಮರುದಿನ ಬೆಳಗ್ಗೆ ಕಂಟ್ರೋಲ್ ರೂಮಿಗೆ ಹೋದಾಗ ಮೀನು ಮುನ್ಸೂಚನೆಯ ಮೇಜಿನಲ್ಲಿ ಕೂರುವ ಅನುಷಾ ಖುಷಿಯಾಗಿದ್ದಳು. ದಿನಾ ಬೆಳಗ್ಗೆ ಯಾವ ಕಡೆ ಮೀನಿದೆ ಎಂದು ಬೋಟುಗಳಿಗೆ ಸಂದೇಶ ಕಳಿಸುವುದು ಅವಳ ಕೆಲಸ.

“ಸರ್, ಈ ಸಲ ಒಂದು ಹೊಸ ಜಾಗ ಸಿಕ್ತು. ಎಷ್ಟು ವಿವರ ಇದೆ ನೋಡಿ, ಇಷ್ಟು ಒಳ್ಳೆ ಮಾಹಿತಿ ನಂಗೆ ಯಾವತ್ತೂ ಬಂದಿರ್ಲಿಲ್ಲ.”

ಅವಳ ಪರದೆಯ ಮೇಲೆ ಅಳಿವೆ ಬಾಯಿ ಇತ್ತು, ಎರಡು ಕಪ್ಪು ಕಲ್ಲು ಇತ್ತು, ಪಡುಬದಿಯ ಹೊಂಡ ಇತ್ತು. ನಾಲ್ಕು ಮಾರು ಆಳ, ಅರ್ಧ ಇಳಿತ. ಎರಡು ಸಾವಿರದ ಆರುನೂರು ಬೋಟುಗಳಿಗೆ ಆರು ಗಂಟೆಗೇ ಸಂದೇಶ ಹೋಗಿಯಾಗಿತ್ತು.

ನಿರ್ದೇಶಕರ ಕೋಣೆಯ ಬಾಗಿಲನ್ನು ನಾನು ಬಡಿಯಲಿಲ್ಲ, ನೂಕಿದೆ.

“ಅವರ ಮಾತು ನಂಬಲರ್ಹ ಅಲ್ಲ ಅಂತ ನಿನ್ನೆ ತೀರ್ಮಾನ ಮಾಡಿದ್ರಿ!”

“ಅಭಿಪ್ರಾಯವಾಗಿ ಅಲ್ಲ,” ಎಂದರು ಡಾ. ನಿರಂಜನ್. “ಸುಳಿವಾಗಿ ನೋಡಿದ್ರೆ ಬಹಳ ಉಪಯುಕ್ತ. ಒಂದು ಬೋಟು ಹೋಗಿ ಬಲೆ ಹಾಕಿ ನೋಡಿದ್ರೆ ನಷ್ಟ ಏನು? ಹತ್ತೊಂಬತ್ತನೇ ಷರತ್ತು ಓದಿಲ್ವಾ ನೀವು? ಆಕ್ಷೇಪಣೆಯಲ್ಲಿ ಬಂದ ಮಾಹಿತಿ ಎಲ್ಲ ಪಾಲುದಾರರಿಗೂ ಸೇರಿದ್ದು.”

“ಮೀನು ಸಿಕ್ಕಿದ್ರೆ ಅವರು ಹೇಳಿದ್ದು ನಿಜ ಅಂತಾಯ್ತಲ್ಲ. ಮೀಸಲು ವಾಪಸ್ ಕೊಡ್ತೀರಾ?”

“ಮುಂದಿನ ತಿದ್ದುಪಡಿಯಲ್ಲಿ ಪರಿಗಣಿಸಬಹುದು. ಐದು ವರ್ಷಕ್ಕೊಮ್ಮೆ ಬರುತ್ತೆ.” ಅವರು ಕನ್ನಡಕ ಒರೆಸಿಕೊಂಡರು. “ಒಂದು ಸಂತೋಷದ ಸುದ್ದಿ, ನಿಮ್ಮ ಅತ್ತೆಯ ಪಡಿಯಾಳಿಗೂ ನಿನ್ನೆಯ ಹೇಳಿಕೆ ಕಲಿಸಿದ್ವಿ. ಈಗ ಅದು ಎಷ್ಟು ಚೆನ್ನಾಗಿ ಸಹಕರಿಸ್ತಿದೆ ಅಂದ್ರೆ, ಬೋಟಿನವರಿಗೆ ನೇರ ಸಂಪರ್ಕ ಕೊಟ್ಟುಬಿಟ್ಟಿದ್ದೀವಿ.”

ಆ ಮುಖಕ್ಕೆ ಉಗುಳಬೇಕೆನ್ನಿಸಿತು. ಉಗುಳಲಿಲ್ಲ. ಉಗುಳುವ ಯೋಗ್ಯತೆ ನನಗೂ ಉಳಿದಿರಲಿಲ್ಲ. ಕಾರು ತೆಗೆದುಕೊಂಡು ಬಡಗಕ್ಕೆ ಹೊರಟೆ. ದಾರಿಯಲ್ಲಿ ಚಂದ್ರಾಳಿಗೆ ಫೋನು ಮಾಡಿದರೆ ಅವಳು ಎತ್ತಿ, ನಾನು ಹೇಳಿದ್ದನ್ನು ಪೂರ್ತಿ ಕೇಳಿ ಇಟ್ಟಳು.

ಹಿರೇಬೆಂಗ್ರೆ ತಲುಪಿದಾಗ ಮಧ್ಯಾಹ್ನ ಹನ್ನೆರಡು. ನೀರು ಅರ್ಧ ಇಳಿದಿತ್ತು. ಊರಿಗೆ ಊರೇ ದಡದಲ್ಲಿ ನಿಂತಿತ್ತು. ಎರಡು ಕಪ್ಪು ಕಲ್ಲಿನ ಆಚೆ ಬೋಟುಗಳು, ಮೂರೂ ರಾಜ್ಯಗಳವು. ನಲವತ್ತರವರೆಗೆ ಎಣಿಸಿ ಬಿಟ್ಟೆ. ನಾನು ಬರುವುದನ್ನು ಕಂಡ ರತ್ನಾಕರ ಮುಖ ತಿರುಗಿಸಿ ದೋಣಿಯ ಆ ಕಡೆಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು. ಟ್ರಾಲ್ ಬಲೆಗಳು ಹೊಂಡದ ತಳವನ್ನೇ ಗೋರಿ ತರುತ್ತಿದ್ದವು. ಮರಳು, ಪಾಚಿ, ಬೆರಳುದ್ದದ ಕಾಣೆಮರಿ. ಮರಿ ಬೇಡದವರು ಅದನ್ನು ಸಲಿಕೆಯಿಂದ ನೀರಿಗೆ ಎತ್ತಿ ಹಾಕುತ್ತಿದ್ದರು. ಸತ್ತ ಮರಿಗಳು ಅಲೆಯ ಜೊತೆ ಬಂದು ನಮ್ಮ ಕಾಲ ಹತ್ತಿರ ಬಿಳಿ ಗೆರೆಯಾಗಿ ನಿಲ್ಲುತ್ತಿದ್ದವು.

ಅತ್ತೆ ನೀರಿನ ಅಂಚಿನಲ್ಲಿ ನಿಂತಿದ್ದರು. ಹತ್ತಿರ ಹೋದೆ. ಮಾತಾಡಬೇಡಿ ಎಂಬಂತೆ ಕೈ ತೋರಿಸಿದರು, ಏನನ್ನೋ ಕೇಳಿಸಿಕೊಳ್ಳುತ್ತಿದ್ದರು.

ಗಾಳಿ ಪಡುವಣದಿಂದ ಬೀಸುತ್ತಿತ್ತು. ಎಂಜಿನ್ ಸದ್ದಿನ ನಡುವೆ ಬೋಟುಗಳ ಸ್ಪೀಕರುಗಳು ಕೇಳಿಸಿದವು. ಒಂದರಲ್ಲಿ ಯಾರೋ ಎಲ್ಲಿ ಹಾಕಲಿ ಅಜ್ಜಿ ಎಂದು ಕೂಗಿ ಕೇಳಿದರು. ಕೆಮ್ಮು ಬಂತು. ಆಮೇಲೆ ಸ್ವರ ಬಂತು, ನಿಧಾನಕ್ಕೆ, ಪ್ರೀತಿಯಿಂದ, ಮನೆಮಗನಿಗೆ ಹೇಳಿದ ಹಾಗೆ:

“ಇನ್ನೊಂಚೂರ್ ಬಡಗಾಯಿ ಹೋಗ್ ಮಗಾ. ಹಾಂ, ಅಲ್ಲೇ. ಅಲ್ ಬಿಡ್ ಬಲೆ. ತಳದಲ್ ಮರಿ ಇತ್ತ್, ಸಮಾ ಎಳಿ.”

ಆಚೆಯ ಬೋಟಿನಲ್ಲೂ ಅದೇ ಸ್ವರ ಬೇರೆ ಯಾರಿಗೋ ಮಗಾ ಎನ್ನುತ್ತಿತ್ತು. ಅದರಾಚೆಯದರಲ್ಲೂ. ದಡದಲ್ಲಿದ್ದ ಹೆಂಗಸರು ಒಮ್ಮೆ ಕಡಲನ್ನು ನೋಡಿದರು, ಒಮ್ಮೆ ಅತ್ತೆಯನ್ನು ನೋಡಿದರು. ಅವರಲ್ಲೊಬ್ಬಳು ತನ್ನ ಮಗುವನ್ನು ಎತ್ತಿಕೊಂಡು ಅತ್ತೆಯ ಪಕ್ಕದಿಂದ ದೂರ ಹೋಗಿ ನಿಂತಳು.

ಅತ್ತೆ ಅಳಲಿಲ್ಲ. ನನ್ನನ್ನು ಶಪಿಸಲೂ ಇಲ್ಲ. ಅಳಿಯನನ್ನಲ್ಲ, ಕೇಂದ್ರದ ಇಂಜಿನಿಯರನ್ನು ಕೇಳುವ ಹಾಗೆ ಕೇಳಿದರು.

“ನಾನ್ ಸತ್ ಮೇಲೂ ಅದ್ ಹೀಂಗೇ ಹೇಳ್ತಾ ಇರತ್ತಾ?”

“ಹೌದು ಅತ್ತೆ,” ಎಂದೆ.